ಅದಿರು ಸಾಗಣೆಯಲ್ಲಿ ಕನ್ವೇಯರ್ ವ್ಯವಸ್ಥೆ: ಬೆಲ್ಟ್ ಹಾಗೂ ಪೂರೈಕೆದಾರರ ಆಯ್ಕೆ ಕುರಿತು ಒಂದು ಪರಿಶೀಲನೆ

ಹಿನ್ನೆಲೆ

ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಮಾನ್ಯ ಸರ್ವೋಚ್ಚ ನ್ಯಾಯಾಲಯವು ದಿನಾಂಕ 29.07.2011ರಂದು ಸ್ಥಗಿತಗೊಳಿಸಿತು. ಮುಂದಿನ ತಿಂಗಳು ಈ ಆದೇಶವು ಚಿತ್ರದುರ್ಗ ಹಾಗೂ ತುಮಕೂರು ಜಿಲ್ಲೆಗಳಿಗೂ ವಿಸ್ತರಣೆಯಾಯಿತು. 2013ರ ಏಪ್ರಿಲ್ 18ರ ತೀರ್ಪಿನ ತರುವಾಯ 'ಎ' ಮತ್ತು 'ಬಿ' ವರ್ಗದ ಗಣಿಗಳು ಷರತ್ತುಗಳಿಗೆ ಒಳಪಟ್ಟು ಪುನರಾರಂಭವಾದವು. ಉತ್ಪಾದನೆಗೆ ವಾರ್ಷಿಕ ಮಿತಿಯನ್ನು ನಿಗದಿಪಡಿಸಲಾಯಿತು. ಈ ಮಿತಿಯು ಹಂತಹಂತವಾಗಿ ಏರಿಕೆಯಾಗಿ, 2022ರ ಆಗಸ್ಟ್ ತಿಂಗಳಿನ ಆದೇಶದಂತೆ ಬಳ್ಳಾರಿ ಭಾಗಕ್ಕೆ 3.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರು ಭಾಗಕ್ಕೆ ಒಟ್ಟು 1.5 ಕೋಟಿ ಟನ್ ಎಂದು ನಿಗದಿಯಾಯಿತು.

ಮಿತಿ ಹೆಚ್ಚಿದಾಗ ಅದಿರನ್ನು ಸಾಗಿಸುವ ಪ್ರಶ್ನೆಯೂ ಮುಂದೆ ಬರುತ್ತದೆ. ಬಳ್ಳಾರಿ ಭಾಗದ 3.5 ಕೋಟಿ ಟನ್ ಅದಿರು ಪೂರ್ತಿಯಾಗಿ ರಸ್ತೆಯ ಮೂಲಕವೇ ಹೋಗುವುದಾದರೆ, ವರ್ಷಕ್ಕೆ 300 ದಿನ ಹಾಗೂ ಲಾರಿಯೊಂದಕ್ಕೆ 16 ಟನ್ ಎಂದು ಲೆಕ್ಕ ಹಿಡಿದಾಗ ದಿನವೊಂದಕ್ಕೆ ಸುಮಾರು 7,300 ಲೋಡುಗಳಾಗುತ್ತವೆ. ಅಷ್ಟೇ ಸಂಖ್ಯೆಯ ಖಾಲಿ ಲಾರಿಗಳು ಹಿಂದಿರುಗಬೇಕು. ಸಂಡೂರು ತಾಲ್ಲೂಕಿನ ರಸ್ತೆ ಬದಿಯ ಮನೆಗಳ ಗೋಡೆ, ಮರಗಳ ಎಲೆ, ಹೊಲದ ಬೆಳೆ ಎಲ್ಲವೂ ಕೆಂಪು ಧೂಳಿನಿಂದ ಮುಚ್ಚಿಹೋದ ವರ್ಷಗಳನ್ನು ಆ ಭಾಗದ ಜನರು ಮರೆತಿರುವುದಿಲ್ಲ. ಆದುದರಿಂದಲೇ ಗಣಿ ಪ್ರದೇಶದ ಪುನಶ್ಚೇತನ ಯೋಜನೆಗಳಲ್ಲಿ ಸಾಗಣೆಯನ್ನು ಸಾಧ್ಯವಾದೆಡೆ ರಸ್ತೆಯಿಂದ ಕನ್ವೇಯರ್ ಮತ್ತು ರೈಲಿಗೆ ವರ್ಗಾಯಿಸಬೇಕೆಂಬ ಅಂಶವು ಸೇರ್ಪಡೆಯಾಯಿತು. ತೋರಣಗಲ್ಲಿನ ಜೆ.ಎಸ್.ಡಬ್ಲ್ಯೂ. ಉಕ್ಕು ಸ್ಥಾವರವು ಸಂಡೂರು ಕಡೆಯ ಗಣಿಗಳಿಂದ ಅದಿರು ತರಲು ಸುಮಾರು 24 ಕಿ.ಮೀ. ಉದ್ದದ ಪೈಪ್ ಕನ್ವೇಯರ್ ಅಳವಡಿಸಿರುವುದು ಈ ದಿಕ್ಕಿನಲ್ಲಿ ಆದ ದೊಡ್ಡ ಬದಲಾವಣೆಯಾಗಿರುತ್ತದೆ. (ರಸ್ತೆಯನ್ನು ಬಿಟ್ಟು ಅದಿರು ಸಾಗಿಸುವುದು ರಾಜ್ಯಕ್ಕೆ ತೀರಾ ಹೊಸದೇನೂ ಅಲ್ಲ. 2005ರ ಅಂತ್ಯದಲ್ಲಿ ಗಣಿಗಾರಿಕೆ ನಿಲ್ಲುವವರೆಗೆ ಕುದುರೆಮುಖದ ಅದಿರು ನೀರಿನೊಡನೆ ಬೆರೆತು 67 ಕಿ.ಮೀ. ಕೊಳವೆಯ ಮೂಲಕ ಮಂಗಳೂರು ತಲುಪುತ್ತಿತ್ತು.)

ಲಾರಿಯನ್ನೇ ನಂಬಿದ ಚಾಲಕರು, ಕ್ಲೀನರುಗಳು, ಸಾಲ ಮಾಡಿ ಒಂದೆರಡು ಲಾರಿ ಕೊಂಡ ಮಾಲೀಕರು ಈ ಬದಲಾವಣೆಯಿಂದ ನಷ್ಟ ಅನುಭವಿಸುತ್ತಾರೆ ಎಂಬುದನ್ನು ಮರೆಮಾಚುವಂತಿಲ್ಲ. ಧೂಳಿನ ಹೊರೆಯನ್ನು ಇಳಿಸುವ ಕ್ರಮದ ಬೆಲೆಯನ್ನು ಅವರೊಬ್ಬರೇ ಭರಿಸುವುದು ನ್ಯಾಯವೆನಿಸದು. ಈ ವಿಷಯವು ಪ್ರತ್ಯೇಕ ಪರಿಶೀಲನೆಗೆ ಅರ್ಹವಾಗಿರುತ್ತದೆ. ಪ್ರಸ್ತುತ ಲೇಖನದ ವ್ಯಾಪ್ತಿಯು ಇನ್ನೊಂದು ಪ್ರಶ್ನೆಗೆ ಸೀಮಿತವಾಗಿದೆ. ದೊಡ್ಡ ಸ್ಥಾವರಗಳಿಗೆ ತಮ್ಮದೇ ತಜ್ಞರಿರುತ್ತಾರೆ. ಆದರೆ ಸಣ್ಣ ಗಣಿ ಗುತ್ತಿಗೆದಾರರು, ಜಲ್ಲಿ ಕ್ರಷರ್ ಘಟಕಗಳು, ಸ್ಪಂಜ್ ಐರನ್ ಘಟಕಗಳು, ಸಹಕಾರಿ ಸಕ್ಕರೆ ಕಾರ್ಖಾನೆಗಳು ಕನ್ವೇಯರ್ ಖರೀದಿಸುವಾಗ ಕೈಯಲ್ಲಿರುವುದು ಸಾಮಾನ್ಯವಾಗಿ ಮೂರು ದರಪಟ್ಟಿಗಳು ಮಾತ್ರ. ಅವುಗಳಲ್ಲಿ ಕಡಿಮೆ ದರದ್ದನ್ನು ಆರಿಸುವುದು ರೂಢಿ. ಈ ರೂಢಿಯು ಎಷ್ಟರಮಟ್ಟಿಗೆ ಲಾಭದಾಯಕ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬೆಲ್ಟಿನ ಗುಣಮಟ್ಟ

ದರಪಟ್ಟಿ ಕೋರುವ ಅನೇಕ ಪತ್ರಗಳಲ್ಲಿ '800 ಮಿ.ಮೀ. ಅಗಲದ ರಬ್ಬರ್ ಬೆಲ್ಟ್, 200 ಮೀಟರ್' ಎಂದಷ್ಟೇ ನಮೂದಾಗಿರುತ್ತದೆ. ಇಷ್ಟೇ ವಿವರಕ್ಕೆ ಬರುವ ದರಗಳು ಒಂದಕ್ಕೊಂದು ಹೋಲಿಕೆಯಾಗುವುದಿಲ್ಲ, ಏಕೆಂದರೆ ಪ್ರತಿಯೊಬ್ಬ ಪೂರೈಕೆದಾರರೂ ಬೇರೆ ಬೇರೆ ಬೆಲ್ಟಿಗೆ ದರ ಬರೆದಿರುತ್ತಾರೆ. ಬೆಲ್ಟಿನ ಒಳಗೆ ಎಳೆತವನ್ನು ತಾಳಿಕೊಳ್ಳುವ ಬಟ್ಟೆಯ ಪದರಗಳು ಅಥವಾ ಉಕ್ಕಿನ ತಂತಿಗಳು ಇರುತ್ತವೆ. ಮೇಲೆ ಮತ್ತು ಕೆಳಗೆ ಸವೆತವನ್ನು ತಾಳಿಕೊಳ್ಳುವ ರಬ್ಬರ್ ಹೊದಿಕೆ ಇರುತ್ತದೆ. 'ಇಪಿ 630/4' ಎಂದರೆ ಪಾಲಿಯೆಸ್ಟರ್ ಮತ್ತು ನೈಲಾನ್ ನೂಲಿನ ನಾಲ್ಕು ಪದರಗಳಿದ್ದು, ಒಂದು ಮೀಟರ್ ಅಗಲದ ಬೆಲ್ಟ್ ಹರಿಯಲು 630 ಕಿಲೋನ್ಯೂಟನ್ ಬಲ ಬೇಕೆಂದು ಅರ್ಥ. '5+2' ಎಂದರೆ ಮೇಲಿನ ಹೊದಿಕೆ 5 ಮಿ.ಮೀ., ಕೆಳಗಿನದು 2 ಮಿ.ಮೀ. ಹೊದಿಕೆಯ ರಬ್ಬರಿಗೆ ಭಾರತೀಯ ಮಾನಕ ಐಎಸ್ 1891ರಲ್ಲಿ ದರ್ಜೆಗಳಿವೆ. ಎಂ-24 ದರ್ಜೆಯು ಚೂಪಾದ, ದಪ್ಪ ಗಾತ್ರದ ಅದಿರಿಗೆ ಸೂಕ್ತ. ಎನ್-17 ದರ್ಜೆಯು ಅದಕ್ಕಿಂತ ಸೌಮ್ಯವಾದ ಕೆಲಸಕ್ಕೆ ಸಾಲುತ್ತದೆ. ಸವೆತ ಪರೀಕ್ಷೆಯ ಫಲಿತಾಂಶವನ್ನು ಘನ ಮಿಲಿಮೀಟರ್‌ಗಳಲ್ಲಿ ನೀಡಲಾಗುತ್ತದೆ. ಈ ಸಂಖ್ಯೆಯು ಕಡಿಮೆಯಿದ್ದಷ್ಟೂ ಬೆಲ್ಟ್ ಹೆಚ್ಚು ಕಾಲ ಬಾಳುತ್ತದೆ.

ಅದೇ ಮಾನಕದ ಇತರ ಭಾಗಗಳು ಬಿಸಿ ವಸ್ತು, ಎಣ್ಣೆ, ಆಹಾರ ಪದಾರ್ಥ ಮತ್ತು ಬೆಂಕಿ ನಿರೋಧಕತೆಗೆ ಸಂಬಂಧಿಸಿರುತ್ತವೆ. ಭೂಗತ ಗಣಿಯ ಬೆಲ್ಟುಗಳಿಗೆ ಐಎಸ್ 3181 ಪ್ರತ್ಯೇಕವಾಗಿದೆ. ಕಲಬುರಗಿ ಭಾಗದ ಸಿಮೆಂಟ್ ಕಾರ್ಖಾನೆಗೆ ಬೇಕಾದ ಬೆಲ್ಟನ್ನೇ ಸಕ್ಕರೆ ಗೋದಾಮಿಗೂ ಕೊಂಡರೆ ಹಣ ವ್ಯರ್ಥ. ಸಕ್ಕರೆ ಗೋದಾಮಿನ ಬೆಲ್ಟನ್ನು ಬಿಸಿ ಕ್ಲಿಂಕರಿಗೆ ಹಾಕಿದರೆ ಕೆಲವೇ ವಾರಗಳಲ್ಲಿ ಹೊದಿಕೆ ಬಿರುಕು ಬಿಡುತ್ತದೆ.

ವಸ್ತುವಿನ ತೂಕವನ್ನೂ ಗಮನಿಸಬೇಕಾಗುತ್ತದೆ. ಕಲ್ಲಿದ್ದಲಿನ ಒಂದು ಘನ ಮೀಟರ್ ಸುಮಾರು 0.8 ಟನ್ ತೂಗಿದರೆ, ಕಬ್ಬಿಣದ ಅದಿರು 2 ಟನ್ನಿಗೂ ಮೇಲೆ ತೂಗುತ್ತದೆ. ಸ್ಥಗಿತಗೊಂಡ ಘಟಕದಿಂದ ಹಳೆಯ ಕಲ್ಲಿದ್ದಲು ಕನ್ವೇಯರನ್ನು ಅಗ್ಗವಾಗಿ ಕೊಂಡು ಅದಿರಿಗೆ ಬಳಸಲು ಹೊರಡುವವರು ರೋಲರ್, ಗೇರ್ ಬಾಕ್ಸ್, ಆಧಾರ ಕಂಬ ಎಲ್ಲವನ್ನೂ ಮರುಲೆಕ್ಕ ಹಾಕಿಸುವುದು ಅವಶ್ಯಕವಾಗಿರುತ್ತದೆ. ಈ ಲೆಕ್ಕದ ವಿಧಾನವನ್ನು ಐಎಸ್ 11592ರಲ್ಲಿ ಕೊಡಲಾಗಿದೆ.

ಜಾಯಿಂಟ್ ಬಗ್ಗೆ ದರಪಟ್ಟಿಗಳು ಬಹುತೇಕ ಮೌನವಾಗಿರುತ್ತವೆ. ಬೆಲ್ಟ್ ಎಷ್ಟೇ ಬಲವಾಗಿದ್ದರೂ ಎರಡು ತುದಿಗಳು ಕೂಡುವ ಜಾಗದಲ್ಲಿ ಅದರ ಬಲ ಕಡಿಮೆಯಾಗುತ್ತದೆ. ಪದರಗಳನ್ನು ಮೆಟ್ಟಿಲಿನಂತೆ ಬಿಡಿಸಿ ಶಾಖದಿಂದ ವಲ್ಕನೈಸ್ ಮಾಡಿದ ಜಾಯಿಂಟಿನಲ್ಲಿಯೂ ಒಂದು ಪದರದ ಬಲ ಹೋಗುತ್ತದೆ. ಅಂದರೆ ನಾಲ್ಕು ಪದರದ ಬೆಲ್ಟಿನಲ್ಲಿ ಮುಕ್ಕಾಲು ಪಾಲು, ಮೂರು ಪದರದ್ದರಲ್ಲಿ ಮೂರನೇ ಎರಡು ಪಾಲು ಬಲ ಉಳಿಯುತ್ತದೆ. ಕಬ್ಬಿಣದ ಕ್ಲಿಪ್ ಹಾಕಿ ಕೂಡಿಸಿದರೆ ಇನ್ನೂ ಕಡಿಮೆ. ಅಲ್ಲದೆ ಕ್ಲಿಪ್ಪುಗಳ ಸಂದಿಯಿಂದ ಪುಡಿ ಸೋರಿ ರೋಲರುಗಳನ್ನು ಹಾಳುಮಾಡುತ್ತದೆ. ಜಾಯಿಂಟ್ ಯಾರು ಮಾಡಿಕೊಡುತ್ತಾರೆ, ಯಂತ್ರ ಯಾರದು, ಎಷ್ಟು ತಿಂಗಳ ಖಾತರಿ ಎಂಬುದು ಆದೇಶ ಪತ್ರದಲ್ಲಿಯೇ ಬರತಕ್ಕದ್ದು.

ದರ ಮತ್ತು ನೈಜ ವೆಚ್ಚ

ಗಂಟೆಗೆ 500 ಟನ್ ಸಾಗಿಸುವ, ದಿನಕ್ಕೆ 16 ಗಂಟೆಯಂತೆ ವರ್ಷಕ್ಕೆ 300 ದಿನ ನಡೆಯುವ ಕನ್ವೇಯರೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವರ್ಷದ ಸಾಗಣೆ 24 ಲಕ್ಷ ಟನ್. ಒಂದು ಬೆಲ್ಟಿನ ದರ 12 ಲಕ್ಷ ರೂ. ಇದ್ದು 18 ತಿಂಗಳು ಬಾಳುತ್ತದೆ, ಇನ್ನೊಂದರ ದರ 16 ಲಕ್ಷ ರೂ. ಇದ್ದು 36 ತಿಂಗಳು ಬಾಳುತ್ತದೆ ಎಂದು ಭಾವಿಸಿದರೆ, ಮೊದಲನೆಯದು ಟನ್ನಿಗೆ 33 ಪೈಸೆ, ಎರಡನೆಯದು 22 ಪೈಸೆ ಬೀಳುತ್ತದೆ. ಖರೀದಿಯ ದಿನ 4 ಲಕ್ಷ ರೂ. ಉಳಿಸಿದಂತೆ ಕಾಣುವ ಘಟಕವು ಮೂರು ವರ್ಷಗಳಲ್ಲಿ 8 ಲಕ್ಷ ರೂ. ಹೆಚ್ಚು ತೆತ್ತಿರುತ್ತದೆ. ಬೆಲ್ಟ್ ಬದಲಿಸುವ ಕೂಲಿ, ಆ ದಿನಗಳ ನಿಲುಗಡೆ ಇದರಲ್ಲಿ ಸೇರಿಲ್ಲ. ಎಂಟು ಗಂಟೆ ನಿಂತರೆ 4,000 ಟನ್ ಸಾಗಣೆ ತಪ್ಪುತ್ತದೆ.

ವಿದ್ಯುತ್ ಬಾಬ್ತು ಇದಕ್ಕಿಂತಲೂ ದೊಡ್ಡದು. ಮೇಲಿನ ಕನ್ವೇಯರ್ ಅದಿರನ್ನು 50 ಮೀಟರ್ ಎತ್ತರಕ್ಕೆ ಏರಿಸುವುದಾದರೆ, ಎತ್ತುವ ಕೆಲಸಕ್ಕೆ ಮಾತ್ರವೇ 68 ಕಿಲೋವ್ಯಾಟ್ ಬೇಕು. ವರ್ಷಕ್ಕೆ ಸುಮಾರು 3.26 ಲಕ್ಷ ಯೂನಿಟ್. ಯೂನಿಟ್ಟಿಗೆ 7 ರೂ. ಎಂದು ಹಿಡಿದರೆ ಸುಮಾರು 23 ಲಕ್ಷ ರೂ., ಅಂದರೆ ಬೆಲ್ಟಿನ ಬೆಲೆಯನ್ನು ಮೀರಿದ ಮೊತ್ತ. ಘರ್ಷಣೆಗೆ ವ್ಯಯವಾಗುವುದು ಇದಕ್ಕೆ ಹೊರತಾಗಿ. ರೋಲರುಗಳ ಬೇರಿಂಗಿಗೆ ಧೂಳು ಸೇರದಂತೆ ಸೀಲ್ ಸರಿಯಾಗಿದ್ದರೆ ಈ ಎರಡನೆಯ ಬಾಬ್ತು ಹಿಡಿತದಲ್ಲಿರುತ್ತದೆ. ತಿರುಗದೆ ಸಿಕ್ಕಿಕೊಂಡ ರೋಲರ್ ವಿದ್ಯುತ್ತನ್ನು ಎಳೆಯುವುದರ ಜೊತೆಗೆ ಬೆಲ್ಟಿನ ಕೆಳ ಹೊದಿಕೆಯನ್ನು ಕೊಯ್ಯುತ್ತದೆ. ಬಿಸಿಯೇರಿ ಬೆಂಕಿಗೂ ಕಾರಣವಾಗಬಹುದು.

ಸಂಡೂರಿನಂತಹ ಬೆಟ್ಟ ಪ್ರದೇಶದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಗಣಿ ಮೇಲೆ, ಕಾರ್ಖಾನೆ ಅಥವಾ ರೈಲು ಯಾರ್ಡ್ ಕೆಳಗೆ ಇರುವುದರಿಂದ ತುಂಬಿದ ಬೆಲ್ಟ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಳಿಜಾರು ಸಾಕಷ್ಟಿದ್ದಲ್ಲಿ ಮೋಟಾರು ವಿದ್ಯುತ್ ಬಳಸುವ ಬದಲು ಉತ್ಪಾದಿಸುತ್ತದೆ. ಈ ಲಾಭದ ಜೊತೆಗೆ ಅಪಾಯವೂ ಇದೆ. ವಿದ್ಯುತ್ ಹೋದ ಕ್ಷಣದಲ್ಲಿ ಬ್ರೇಕ್ ಹಿಡಿಯದಿದ್ದರೆ ತುಂಬಿದ ಬೆಲ್ಟ್ ಹತೋಟಿ ತಪ್ಪಿ ಓಡುತ್ತದೆ. ಆದಕಾರಣ ಇಳಿಜಾರು ಕನ್ವೇಯರಿಗೆ ಪೂರೈಕೆದಾರರನ್ನು ಆರಿಸುವಾಗ ಸಮತಟ್ಟು ಕನ್ವೇಯರುಗಳ ಅನುಭವವನ್ನು ಅರ್ಹತೆಯೆಂದು ಪರಿಗಣಿಸುವುದು ಸರಿಯಲ್ಲ. ಪೈಪ್ ಕನ್ವೇಯರಿನ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಬೆಲ್ಟ್ ಕೊಳವೆಯಂತೆ ಸುತ್ತಿಕೊಂಡು ಸಾಗುವುದರಿಂದ ಧೂಳು ಹೊರಬೀಳುವುದಿಲ್ಲ, ತಿರುವುಗಳಲ್ಲಿ ಹೋಗಬಲ್ಲದು, ಹಳ್ಳಿ ಮತ್ತು ಹೊಲಗಳ ನಡುವೆ ಇದುವೇ ಯೋಗ್ಯ. ಆದರೆ ರೋಲರುಗಳ ಸಂಖ್ಯೆ ಅಧಿಕ, ಬೆಲ್ಟ್ ವಿಶೇಷ ತಯಾರಿಕೆಯದು. ಕೆಲವೇ ನೂರು ಮೀಟರ್ ದೂರ ಸಾಗಿಸಬೇಕಾದ ಕ್ರಷರ್ ಘಟಕಕ್ಕೆ ಸಾಧಾರಣ ಬೆಲ್ಟಿನ ಮೇಲೆ ತಗಡಿನ ಮುಚ್ಚಿಗೆ ಮತ್ತು ನೀರು ಸಿಂಪಡಿಕೆ ಸಾಕಾಗುತ್ತದೆ.

ಪೂರೈಕೆದಾರರ ಆಯ್ಕೆ

ಬೆಲ್ಟ್ ತಯಾರಕರೇ ಬೇರೆ, ಪೂರ್ಣ ವ್ಯವಸ್ಥೆ ನಿರ್ಮಿಸಿಕೊಡುವವರೇ ಬೇರೆ. ಎಲ್ಲವನ್ನೂ ಒಬ್ಬರಿಗೇ ವಹಿಸಿದರೆ ಜವಾಬ್ದಾರಿ ಸ್ಪಷ್ಟ, ದರ ಹೆಚ್ಚು. ಬಿಡಿಬಿಡಿಯಾಗಿ ಕೊಂಡರೆ ಅಗ್ಗ. ಆದರೆ ಬೆಲ್ಟ್ ಪಕ್ಕಕ್ಕೆ ಸರಿಯತೊಡಗಿದ ದಿನ ಬೆಲ್ಟಿನವರು ರಚನೆಯನ್ನೂ, ರಚನೆಯವರು ರೋಲರನ್ನೂ ದೂಷಿಸುತ್ತಾರೆ. ಸ್ವಂತ ಇಂಜಿನಿಯರ್ ಇಲ್ಲದ ಘಟಕಗಳಿಗೆ ಮೊದಲ ವಿಧಾನವೇ ಮೇಲು. ರೋಲರ್, ಪುಲ್ಲಿ, ಸ್ಕ್ರೇಪರ್ ಮುಂತಾದ ಬಿಡಿಭಾಗಗಳನ್ನು ಮುಂದೆ ಪೀಣ್ಯ, ಹುಬ್ಬಳ್ಳಿ, ಬೆಳಗಾವಿಯಂತಹ ಕೈಗಾರಿಕಾ ಕೇಂದ್ರಗಳ ಸಣ್ಣ ಘಟಕಗಳಿಂದಲೂ ಮಾಡಿಸಿಕೊಳ್ಳಲು ಅವಕಾಶವಿರಬೇಕಾದರೆ, ನಕ್ಷೆಗಳನ್ನು ಖರೀದಿದಾರರಿಗೆ ಒಪ್ಪಿಸತಕ್ಕದ್ದೆಂಬ ಷರತ್ತು ಮೊದಲೇ ಇರಬೇಕಾಗುತ್ತದೆ. ರೋಲರುಗಳು ಐಎಸ್ 8598, ಪುಲ್ಲಿಗಳು ಐಎಸ್ 8531ರ ಅಳತೆಯಲ್ಲಿದ್ದರೆ ಬದಲಿ ಸಿಗುವುದು ಸುಲಭ.

ಪೂರೈಕೆದಾರರು ನೀಡುವ ಹಿಂದಿನ ಗ್ರಾಹಕರ ಪಟ್ಟಿಯಲ್ಲಿ ಇತ್ತೀಚಿನದನ್ನು ನೋಡಿ ಬರುವುದಕ್ಕಿಂತ ಮೂರು ವರ್ಷ ಹಳೆಯದನ್ನು ನೋಡಿ ಬರುವುದು ಉಪಯುಕ್ತ. ಅಲ್ಲಿ ವ್ಯವಸ್ಥಾಪಕರಿಗಿಂತ ಪಾಳಿಯ ಫಿಟ್ಟರ್ ಹೇಳುವ ಮಾತಿಗೆ ಹೆಚ್ಚಿನ ಬೆಲೆಯಿರುತ್ತದೆ. ಬೆಲ್ಟಿನ ಪರೀಕ್ಷಾ ಪ್ರಮಾಣಪತ್ರವು ಸರಬರಾಜಾದ ಅದೇ ರೋಲಿನದಾಗಿರಬೇಕು. ಹಿಂದೆಂದೋ ಪಡೆದ ಪ್ರಮಾಣಪತ್ರದ ನಕಲು ಸಾಲದು. ತಯಾರಿಕೆಯ ತಿಂಗಳನ್ನೂ ಪರಿಶೀಲಿಸತಕ್ಕದ್ದು, ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದ ರಬ್ಬರ್ ಹೊಸದಾಗಿ ಕಂಡರೂ ಹೊಸದಲ್ಲ. ಖಾತರಿಯು 'ತಯಾರಿಕಾ ದೋಷ'ಕ್ಕೆ ಮಾತ್ರ ಎಂದಿದ್ದರೆ ಸವೆತಕ್ಕೆ ಏನೂ ದೊರೆಯುವುದಿಲ್ಲವೆಂದೇ ಅರ್ಥ.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಡುವ ಸಂಸ್ಥೆಗಳು ಕಡಿಮೆ ದರಕ್ಕೇ ಕಟ್ಟುಬೀಳಬೇಕೆಂಬ ಅಭಿಪ್ರಾಯವು ಬಳಕೆಯಲ್ಲಿದೆ. ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಅರ್ಹತೆ ಪಡೆದವರ ದರಗಳನ್ನು ಮಾತ್ರ ತೆರೆಯಲಾಗುವುದರಿಂದ ಈ ಅಭಿಪ್ರಾಯವು ಪೂರ್ತಿ ನಿಜವಲ್ಲ. ತೊಡಕಿರುವುದು ಟೆಂಡರ್ ದಾಖಲೆಯಲ್ಲಿ. ಹೊದಿಕೆಯ ದರ್ಜೆ, ಸವೆತದ ಮಿತಿ, ಜಾಯಿಂಟಿನ ವಿಧಾನ ಮೊದಲೇ ಬರೆದಿರದಿದ್ದರೆ, ದರ ತೆರೆದ ಮೇಲೆ ಅವುಗಳನ್ನು ಕೇಳಲು ಬರುವುದಿಲ್ಲ.

ಕಾರ್ಮಿಕರ ಸುರಕ್ಷತೆ

ಕನ್ವೇಯರ್ ಅಪಘಾತಗಳ ರೀತಿ ಬಹುಮಟ್ಟಿಗೆ ಒಂದೇ. ಕೆಳಗೆ ಚೆಲ್ಲಿದ ಪುಡಿಯನ್ನು ಬೆಲ್ಟ್ ಓಡುತ್ತಿರುವಾಗಲೇ ಸಲಿಕೆಯಿಂದ ತೆಗೆಯುವ ಕಾರ್ಮಿಕನ ಸಲಿಕೆ, ಬಟ್ಟೆ ಅಥವಾ ಕೈ, ಬೆಲ್ಟ್ ಪುಲ್ಲಿಗೆ ಸೇರುವ ಸಂದಿಯಲ್ಲಿ ಸಿಲುಕುತ್ತದೆ. ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಈ ಕೆಲಸವನ್ನು ಹೆಚ್ಚಾಗಿ ಗುತ್ತಿಗೆ ಕಾರ್ಮಿಕರೇ ಮಾಡುತ್ತಾರೆ. ತಿರುಗುವ ಯಂತ್ರಭಾಗಗಳಿಗೆ ರಕ್ಷಣಾ ಬೇಲಿ ಕಡ್ಡಾಯವೆಂಬುದು ಕಾರ್ಖಾನೆಗಳ ಕಾಯ್ದೆ, 1948ರ ಕಾಲದಿಂದಲೂ ಇರುವ ನಿಯಮ. ಹೀಗಿದ್ದರೂ ಪುಲ್ಲಿಗಳ ಜಾಲರಿ, ಎರಡೂ ಬದಿಯ ಪುಲ್ ಕಾರ್ಡ್ ಸ್ವಿಚ್, ಬೆಲ್ಟ್ ಸರಿದರೆ ನಿಲ್ಲಿಸುವ ಸ್ವಿಚ್ ಇವು ಕಡಿಮೆ ದರದ ಪಟ್ಟಿಗಳಲ್ಲಿ 'ಐಚ್ಛಿಕ' ಎಂಬ ಶೀರ್ಷಿಕೆಯಡಿ ಇರುವುದುಂಟು. ಇವುಗಳನ್ನು ಐಚ್ಛಿಕವೆಂದು ಬರೆಯುವ ಪೂರೈಕೆದಾರರನ್ನು ದರ ನೋಡದೆಯೇ ಕೈಬಿಡುವುದು ಯುಕ್ತ. ಸ್ಕ್ರೇಪರ್ ಸರಿಯಾಗಿ ಕೆಲಸ ಮಾಡಿದರೆ ಪುಡಿ ಚೆಲ್ಲುವುದೇ ಕಡಿಮೆಯಾಗಿ, ಬೆಲ್ಟಿನ ಕೆಳಗೆ ಮನುಷ್ಯರು ಹೋಗುವ ಪ್ರಮೇಯವೂ ತಗ್ಗುತ್ತದೆ. ಕನ್ವೇಯರ್ ಸುರಕ್ಷತೆಗೆ ಐಎಸ್ 7155 ಮಾನಕವನ್ನು ಆದೇಶ ಪತ್ರದಲ್ಲಿ ಉಲ್ಲೇಖಿಸಬಹುದಾಗಿದೆ.

ಪಾವತಿ

ಬಿಡಿಭಾಗ ಪೂರೈಸುವವರು ಉದ್ಯಮ ನೋಂದಣಿ ಪಡೆದ ಅತಿಸಣ್ಣ ಅಥವಾ ಸಣ್ಣ ತಯಾರಿಕಾ ಘಟಕವಾಗಿದ್ದಲ್ಲಿ, 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಂತೆ ಒಪ್ಪಂದವಿದ್ದರೂ 45 ದಿನಗಳನ್ನು ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನಗಳು. ವಿಳಂಬಕ್ಕೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತಗಲುತ್ತದೆ. 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯ ನಂತರ, ಈ ಅವಧಿ ಮೀರಿದ ಬಾಕಿಯನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲು ಬರುತ್ತದೆ. ಆದುದರಿಂದ ಪೂರ್ಣ ಹೊರೆಯೊಂದಿಗೆ 72 ಗಂಟೆಗಳ ಪ್ರಾಯೋಗಿಕ ಚಾಲನೆಯಂತಹ ಷರತ್ತುಗಳನ್ನು ವಿಧಿಸುವವರು, ಅದು ಯಾವ ದಿನಾಂಕದೊಳಗೆ ಮುಗಿಯಬೇಕು ಮತ್ತು ಎಷ್ಟು ಮೊತ್ತವನ್ನು ತಡೆಹಿಡಿಯಲಾಗುವುದು ಎಂಬುದನ್ನು ಲಿಖಿತವಾಗಿ ಒಪ್ಪಿಕೊಳ್ಳುವುದು ಉಭಯತ್ರರಿಗೂ ಕ್ಷೇಮ. ಮೇಲ್ಕಂಡ ಮಾನಕಗಳ ಪ್ರತಿಗಳನ್ನು ಭಾರತೀಯ ಮಾನಕ ಬ್ಯೂರೋದ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಪಡೆಯಬಹುದಾಗಿದೆ.