ಪುರುಸೊತ್ತಿಲ್ಲವೆಂಬ ಮಾತು

ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಾಗಲಿ, ಕೃಷ್ಣರಾಜಪೇಟೆ, ನಾಗಮಂಗಲಗಳ ರಾಗಿಯ ಹೊಲಗಳಲ್ಲಾಗಲಿ, ಬಂಧುಗಳ ಕುಶಲ ವಿಚಾರಿಸಿದರೆ ನಮಗೆ ದೊರೆಯುವ ಉತ್ತರ ಒಂದೇ: ‘ಸಾಯಲೂ ಪುರುಸೊತ್ತಿಲ್ಲ.’

ಈ ಪದ ಅರಬ್ಬಿಯ ‘ಫುರ್ಸತ್’ ಎಂಬುದರ ರೂಪಾಂತರ; ಪಾರಸಿ, ಹಿಂದೂಸ್ತಾನಿಗಳ ಮೂಲಕ ಬಂದು ನಮ್ಮ ಮನೆಮಾತಾಗಿದೆ. ಅದೇ ಅರ್ಥದ ಅಚ್ಚಗನ್ನಡ ಪದ ‘ಬಿಡುವು’. ಅದು ‘ಬಿಡು’ ಧಾತುವಿನಿಂದ ಹುಟ್ಟಿದ್ದು. ಏನನ್ನಾದರೂ ಬಿಟ್ಟಲ್ಲದೆ ಬಿಡುವು ದೊರೆಯದೆಂದು ಪದವೇ ಹೇಳುತ್ತದೆ.

ಇದನ್ನು 12ನೆಯ ಶತಮಾನದಲ್ಲಿಯೇ ಬಲ್ಲವರಾಗಿದ್ದರು ಶರಣೆ ಆಯ್ದಕ್ಕಿ ಲಕ್ಕಮ್ಮನವರು. ಪತಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರೆಂದು ಪರಂಪರೆ ತಿಳಿಸುತ್ತದೆ. ಕಾಯಕಕ್ಕೆ ಬೆಲೆಯಿರುವಂತೆ ಮಿತಿಯೂ ಉಂಟು. ಮಿತಿ ಮೀರಿದ ದುಡಿಮೆ ಬರಿಯ ಆಸೆ.

ಪರರಿಗೆ ಹೇಳುವ ಮುನ್ನ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾಗಮಂಗಲ ಸೀಮೆಯ ವೃದ್ಧ ಬಂಧುವೊಬ್ಬರು, ‘ಒಮ್ಮೆ ಬಂದು ಹೋಗಿ’ ಎಂದು ಎರಡು ಬಾರಿ ಹೇಳಿಕಳುಹಿಸಿದ್ದರು. ‘ಪುರುಸೊತ್ತಾದಾಗ ಬರುತ್ತೇವೆ’ ಎಂದೆವು. ಹೋದದ್ದು ಅವರ ಶಿವಗಣಾರಾಧನೆಗೆ. ಅಂದು ಮಾತ್ರ ನಮಗೆ ಇಡೀ ದಿನ ಪುರುಸೊತ್ತಿತ್ತು.

ಓದುಗ ಬಂಧುಗಳೇ, ಈ ವಾರ ಯಾವುದಾದರೊಂದು ಕೆಲಸವನ್ನು ಬಿಡಿ. ನಿಮಗಾಗಿ ಕಾದಿರುವ ಹಿರಿಯರ ಬಳಿ ಒಂದು ಸಂಜೆ ಕುಳಿತು ಬನ್ನಿ.