ಚಂದ್ರಗಿರಿಯ ಬಡಗಿನ ಪೌರರು

ಕನ್ನಡದ ಗಡಿಯೂರು ಮಂಗಲ್ಪಾಡಿಯ ಹಿರಿಯರು ಇದ್ದ ಮನೆಯಲ್ಲೇ ಇದ್ದರು, ಬದಲಾದದ್ದು ಆಳ್ವಿಕೆ. ಬ್ರಿಟಿಷ್ ದೊರೆಯ ಪ್ರಜೆಗಳಾಗಿ ಹುಟ್ಟಿ ಗಣರಾಜ್ಯದ ಪೌರರಾದರು. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದು 1956ರ ನವೆಂಬರ್ 1ರಂದು ಕೇರಳದವರಾದರು. ಆ ದಿನ ಅವರ ಪೌರತ್ವ ಬದಲಾಗಲಿಲ್ಲ ಎಂಬುದು ನಿಜ. ಅಮೆರಿಕದಲ್ಲಿರುವಂತೆ ರಾಜ್ಯದ ಪೌರತ್ವ ಬೇರೆ, ದೇಶದ್ದು ಬೇರೆ ಎಂಬುದು ನಮ್ಮ ಸಂವಿಧಾನದಲ್ಲಿಲ್ಲ. ಗಡಿಗೆರೆ ಎಲ್ಲಿ ಬಿದ್ದರೇನು ಎಂದು ದಿಲ್ಲಿಗೆ ಅನ್ನಿಸಿದ್ದಿರಬಹುದು, ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯಬೇಕಾದವರಿಗೆ ಹಾಗನ್ನಿಸಲಿಲ್ಲ.

ಆಶ್ವಾಸನೆಗಳಿಗೆ ಕೊರತೆಯಿರಲಿಲ್ಲ. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲೇ ಪ್ರಾಥಮಿಕ ಶಿಕ್ಷಣದ ಭರವಸೆ ಕೊಟ್ಟಿತು. 1957ರಲ್ಲಿ ಇಲ್ಲಿನ ಮಂಜೇಶ್ವರ ಕ್ಷೇತ್ರ ಎಂ. ಉಮೇಶ ರಾವ್ ಅವರನ್ನು ಕನ್ನಡಿಗರ ದನಿಯಾಗಿ ಕೇರಳ ವಿಧಾನಸಭೆಗೆ ಅವಿರೋಧವಾಗಿ ಆರಿಸಿ ಕಳಿಸಿತು. ಚಂದ್ರಗಿರಿ ಹೊಳೆಯ ಉತ್ತರದ ನೆಲ ಮೈಸೂರಿಗೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಬೇಕೆಂದು ಗಡಿ ತಕರಾರು ವಿಚಾರಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಆ ವರದಿಯ ಜಾರಿಗಾಗಿ ಕೊನೆಯವರೆಗೂ ದನಿಯೆತ್ತಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿ 2015ರಲ್ಲಿ ತೀರಿಕೊಂಡರು. ವರದಿ ಇದ್ದಲ್ಲೇ ಇತ್ತು. ಕೇರಳ ಕೊಟ್ಟದ್ದನ್ನೂ ಮರೆಯಬಾರದು. ಗೇಣಿದಾರರು ಒಕ್ಕಲು ಭೂಮಿಗೆ ಒಡೆಯರಾದರು, ಪಂಚಾಯತಿಗೆ ಹಣವೂ ಅಧಿಕಾರವೂ ಬಂತು. ಆದರೆ 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಗಡಿನಾಡ ಕನ್ನಡಿಗರು ಮತ್ತೆ ಬೀದಿಗಿಳಿಯಬೇಕಾಯಿತು.

ಈ ನಡುವೆ ಇಲ್ಲಿನ ಉಪ್ಪಳದ ಹುಡುಗರು ಗಲ್ಫಿಗೆ ಹೊರಟರು. ಪೌರತ್ವದ ಇನ್ನೊಂದು ಮುಖ ಕಂಡದ್ದು ಅಲ್ಲಿ. ಆ ನಾಡುಗಳಲ್ಲಿ ಅದು ಬಹುಮಟ್ಟಿಗೆ ತಂದೆಯ ವಂಶದಿಂದ ಇಳಿದು ಬರುವಂಥದ್ದು. ಮೂವತ್ತು ವರ್ಷ ದುಡಿದವರೂ ವೀಸಾ ಮುಗಿದರೆ ಊರಿಗೆ ಮರಳಬೇಕು, ಅಲ್ಲೇ ಹುಟ್ಟಿದ ಮಗುವಿಗೂ ಭಾರತದ ಪಾಸ್‌ಪೋರ್ಟೇ. ಪ್ರತಿಯೊಬ್ಬರಿಗೂ ರಾಷ್ಟ್ರೀಯತೆಯ ಹಕ್ಕಿದೆ ಎಂದು ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆ ಸಾರಿತು; ಯಾವ ರಾಷ್ಟ್ರದ್ದೆಂದು ಹೇಳಲಿಲ್ಲ. ಚುನಾವಣಾ ಕಾನೂನಿನ 2010ರ ತಿದ್ದುಪಡಿಯಿಂದ ಈ ಅನಿವಾಸಿಗಳ ಹೆಸರು ಮತದಾರರ ಪಟ್ಟಿಗೆ ಬಂತು, ಮತ ಹಾಕಲು ಮಾತ್ರ ಊರ ಬೂತಿಗೇ ಬರಬೇಕು.

2020ರ ಮಾರ್ಚನ್ನು ಇಲ್ಲಿ ಯಾರೂ ಮರೆತಿಲ್ಲ. ಕೊರೋನಾದ ಭಯದಲ್ಲಿ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದವರ ಆಂಬುಲೆನ್ಸುಗಳು ಹಿಂದಿರುಗಿದವು. ಚಿಕಿತ್ಸೆ ಸಿಗದೆ ಜೀವಗಳು ಹೋದವು. ಕೇರಳ ಹೈಕೋರ್ಟು ದಾರಿ ಬಿಡಿಸಲು ಆದೇಶಿಸಿತು, ಸುಪ್ರೀಂ ಕೋರ್ಟಿನವರೆಗೂ ಮಾತು ಹೋಯಿತು. ಯಾವ ನಾಡಿಗೆ ಸೇರಬೇಕೆಂದು ಅಜ್ಜಂದಿರು ಹಂಬಲಿಸಿದ್ದರೋ ಆ ನಾಡೇ ಮೊಮ್ಮಕ್ಕಳಿಗೆ ಬಾಗಿಲು ಹಾಕಿತ್ತು.

ಮರುವರ್ಷ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಗಡಿ ಇನ್ನು ಸರಿಯದೆಂದು ಒಪ್ಪಿಕೊಂಡವರಿಗೂ ಅಂದು ಕಣ್ಣು ತುಂಬಿತು. ಅವರು ಈಗ ಕೇಳುತ್ತಿರುವುದು ನೆಲವನ್ನಲ್ಲ. ಅರ್ಜಿಯ ನಮೂನೆ ಕನ್ನಡದಲ್ಲಿರಲಿ, ಅದನ್ನು ಓದಬಲ್ಲವರೊಬ್ಬರು ಮೇಜಿನ ಆಚೆ ಕೂತಿರಲಿ ಎಂದಷ್ಟೇ.