ಕತ್ತರಿ ಮೊದಲು ಪಟ್ಟಿಗೆ ಬೀಳಲಿ

ಡಿಸೆಂಬರ್ ಎರಡನೇ ವಾರ ಬಂತೆಂದರೆ ಅಮೆರಿಕ, ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಊಟದ ಮೇಜು ಊಟಕ್ಕೆ ಸಿಗುವುದಿಲ್ಲ. ಅದರ ತುಂಬ ದಪ್ಪ ಕಾಗದ, ಅಂಟು, ಮಿನುಗುವ ಪುಡಿ, ಅರ್ಧ ಒಣಗಿದ ಬಣ್ಣ, ಅಚ್ಚೊತ್ತಲು ನಕ್ಷತ್ರದಾಕಾರಕ್ಕೆ ಕೊರೆದಿಟ್ಟ ಆಲೂಗಡ್ಡೆ. ಪಕ್ಕದಲ್ಲಿ ಹೆಸರುಗಳದೊಂದು ಉದ್ದ ಪಟ್ಟಿ. ‘ಈ ಸಲ ಕಾರ್ಡೆಲ್ಲ ಕೈಯಲ್ಲೇ ಮಾಡೋಣ’ ಎಂದು ನವೆಂಬರಿನಲ್ಲಿ ಹುರುಪಿನಿಂದ ಶುರುವಾದದ್ದು ಹತ್ತಿಪ್ಪತ್ತು ಕಾರ್ಡು ಮುಗಿಯುವಷ್ಟರಲ್ಲಿ ಸಾಕಪ್ಪಾ ಸಾಕು ಎನ್ನಿಸುತ್ತದೆ. ಮಕ್ಕಳು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಮಿಕ್ಕದ್ದೆಲ್ಲ ಅಮ್ಮನ ಪಾಲಿಗೆ.

ತಮಾಷೆಯೆಂದರೆ, ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದೇ ಇಂಥ ಶ್ರಮ ತಪ್ಪಿಸಲು. 1840ರಲ್ಲಿ ಬ್ರಿಟನ್ ಒಂದು ಪೆನ್ನಿಯ ಅಂಚೆ ಜಾರಿಗೆ ತಂದ ಮೇಲೆ ಕಾಗದ ಬರೆಯುವವರ ಸಂಖ್ಯೆ ಏರಿತು, ಉತ್ತರ ಬರೆಯಬೇಕಾದವರ ಕಷ್ಟವೂ ಏರಿತು. ಆ ಅಂಚೆ ಸುಧಾರಣೆಗೆ ದುಡಿದ ಹೆನ್ರಿ ಕೋಲ್ ಅವರೇ ಈ ಕಷ್ಟಕ್ಕೆ ಸಿಕ್ಕಿಬಿದ್ದರು. 1843ರಲ್ಲಿ ಅವರು ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್‌ಲಿ ಅವರಿಂದ ಒಂದು ಚಿತ್ರ ಬರೆಸಿ, ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿದರು. ಮೇಲೆ ಒಂದು ಹೆಸರು, ಕೆಳಗೆ ಒಂದು ಸಹಿ, ಅಲ್ಲಿಗೆ ಕೆಲಸ ಮುಗಿಯಿತು. ತಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಶಿಲ್ಲಿಂಗಿಗೊಂದರಂತೆ ಮಾರಾಟಕ್ಕೆ ಹೋಯಿತು. ಚಿತ್ರದಲ್ಲಿ ಪುಟ್ಟ ಮಗುವಿಗೂ ವೈನ್ ಕುಡಿಸುತ್ತಿದ್ದಾರೆಂದು ಮದ್ಯವಿರೋಧಿಗಳು ಕೂಗೆಬ್ಬಿಸಿದ್ದೂ ಉಂಟು.

ಮುಂದೆ ಬಾಸ್ಟನ್ನಿನಲ್ಲಿ ಲೂಯಿ ಪ್ರ್ಯಾಂಗ್ 1870ರ ದಶಕದಲ್ಲಿ ಬಣ್ಣದ ಕಾರ್ಡುಗಳನ್ನು ಅಚ್ಚು ಹಾಕಿದರು. 1910ರಲ್ಲಿ ಕಾನ್ಸಾಸ್ ಸಿಟಿಗೆ ಬಂದಿಳಿದ ಜಾಯ್ಸ್ ಹಾಲ್ ಎಂಬ ಹುಡುಗನ ಚಿತ್ರದ ಪೋಸ್ಟ್‌ಕಾರ್ಡ್ ವ್ಯಾಪಾರ ಹಾಲ್‌ಮಾರ್ಕ್ ಎಂಬ ಕಾರ್ಡು ಕಂಪನಿಯಾಗಿ ಬೆಳೆಯಿತು. ಎಲ್ಲರ ಮನೆಗೂ ಒಂದೇ ಥರದ ಕಾರ್ಡು ಬೀಳತೊಡಗಿದ ಮೇಲೆ, ಕೈಯಲ್ಲಿ ಮಾಡಿದ್ದರಲ್ಲೇ ಹೆಚ್ಚು ಪ್ರೀತಿ ಎಂಬ ಮಾತು ಬಂತು. ಕೋಲ್ ಇಳಿಸಿಟ್ಟಿದ್ದ ಹೊರೆಯನ್ನು ಜನ ಖುಷಿಯಿಂದಲೇ ಮತ್ತೆ ಹೊತ್ತುಕೊಂಡರು.

ಈ ಹೊರೆಯ ಪೂರ್ಣ ರೂಪ ನೋಡಬೇಕಿದ್ದರೆ ಜಪಾನಿಗೆ ಹೋಗಬೇಕು. ಅಲ್ಲಿ ಹೊಸ ವರ್ಷದ ಶುಭಾಶಯ ಪತ್ರಕ್ಕೆ ‘ನೆಂಗಾಜೊ’ ಎನ್ನುತ್ತಾರೆ. ಡಿಸೆಂಬರ್ 25ರೊಳಗೆ ಹಾಕಿದ ಪತ್ರಗಳನ್ನು ಅಂಚೆಯವರು ಕೂಡಿಟ್ಟುಕೊಂಡು ಸರಿಯಾಗಿ ಜನವರಿ 1ರಂದು ಹಂಚುತ್ತಾರೆ. ಅಂಚೆಯವರು ಮಾರುವ ಪತ್ರಗಳ ಮೇಲೆ 1949ರಿಂದ ಲಾಟರಿ ಸಂಖ್ಯೆಯೂ ಇರುತ್ತದೆ. ಗೆಣಸನ್ನು ಅರ್ಧಕ್ಕೆ ಕೊಯ್ದು, ರಾಶಿಚಕ್ರದಲ್ಲಿ ಆ ವರ್ಷಕ್ಕೆ ಸೇರಿದ ಪ್ರಾಣಿಯ ಚಿತ್ರ ಕೆತ್ತಿ, ಶಾಯಿ ಹಚ್ಚಿ ಒತ್ತುವುದು ಹಳೆಯ ಪದ್ಧತಿ. ಎಲ್ಲರಿಗೂ ಕೈಗೆಲಸ ಬೇಕು, ಯಾರಿಗೂ ಪುರುಸೊತ್ತಿಲ್ಲ ಎಂಬುದನ್ನು ಅರಿತ ರಿಸೊ ಕಂಪನಿ 1977ರಲ್ಲಿ ‘ಪ್ರಿಂಟ್ ಗೊಕ್ಕೊ’ ಎಂಬ ಪುಟ್ಟ ಯಂತ್ರ ತಂದಿತು. ಚಿತ್ರ ಬರೆದು ಅದರೊಳಗಿಟ್ಟು ಫ್ಲ್ಯಾಷ್ ಬಲ್ಬು ಹೊತ್ತಿಸಿದರೆ ಅಚ್ಚು ತಯಾರು. ಶಾಯಿ ಹಚ್ಚಿ ಒತ್ತುತ್ತ ಹೋಗುವುದಷ್ಟೇ. ಒಂದು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಕಂಪ್ಯೂಟರ್ ಪ್ರಿಂಟರಿನ ಮುಂದೆ ನಿಲ್ಲಲಾಗದೆ 2008ರಲ್ಲಿ ಅದರ ಮಾರಾಟ ನಿಂತಿತು.

ಯಂತ್ರ ಬಂದರೂ ಒತ್ತಡ ಏಕೆ ತಗ್ಗಲಿಲ್ಲ? ಹತ್ತು ಕಾರ್ಡು ಮಾಡುವಾಗ ಬಣ್ಣ, ಕಾಗದ, ಅಂಟು ಆಟದ ಸಾಮಾನು. ನೂರು ಹೆಸರಿನ ಪಟ್ಟಿ ಎದುರಿಗಿದ್ದರೆ ಅವೇ ಕೂಲಿಯ ಸಾಮಾನು. ಪಟ್ಟಿ ಬೆಳೆಯುವುದಾದರೂ ಪ್ರೀತಿಯಿಂದಲ್ಲ, ಲೆಕ್ಕದಿಂದ. 1974ರಲ್ಲಿ ಅಮೆರಿಕದ ಯೂಟಾ ರಾಜ್ಯದ ಸಮಾಜಶಾಸ್ತ್ರಜ್ಞ ಫಿಲಿಪ್ ಕುಂಜ್ ಸುಮಾರು 600 ಅಪರಿಚಿತರ ವಿಳಾಸ ಆರಿಸಿ ಕ್ರಿಸ್‌ಮಸ್ ಕಾರ್ಡು ಕಳಿಸಿ ನೋಡಿದರು. ನೂರಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಮನೆಮಂದಿಯ ಸುದ್ದಿಯನ್ನೆಲ್ಲ ಪುಟಗಟ್ಟಲೆ ಬರೆದವರಿದ್ದರು. ಗುರುತು ಪರಿಚಯವಿಲ್ಲದ ಈ ಮನುಷ್ಯನಿಗೆ ವರ್ಷಾನುಗಟ್ಟಲೆ ಕಾರ್ಡು ಕಳಿಸುತ್ತಲೇ ಹೋದವರೂ ಇದ್ದರು. ಮದುವೆಮನೆಯ ಮುಯ್ಯಿ ಪುಸ್ತಕದಂತೆ ಈ ಲೆಕ್ಕವೂ ಎಂದೂ ಚುಕ್ತಾ ಆಗುವುದಿಲ್ಲ. ಬಂದದ್ದಕ್ಕೆ ಕಳಿಸಬೇಕು, ಕಳಿಸಿದ್ದಕ್ಕೆ ಬರುತ್ತದೆ.

ಆ ಪುಸ್ತಕ ಯಾರ ಕೈಯಲ್ಲಿರುತ್ತದೆ ಎಂಬುದು ಇನ್ನೂ ಮುಖ್ಯ. ಮಾನವಶಾಸ್ತ್ರಜ್ಞೆ ಮಿಕೇಲಾ ಡಿ ಲಿಯೊನಾರ್ಡೊ ಕ್ಯಾಲಿಫೋರ್ನಿಯಾದ ಇಟಾಲಿಯನ್ ಮೂಲದ ಕುಟುಂಬಗಳ ನಡುವೆ ಅಧ್ಯಯನ ನಡೆಸಿ 1987ರಲ್ಲಿ ಒಂದು ಲೇಖನ ಬರೆದರು. ಹಬ್ಬದ ಕಾರ್ಡು, ಫೋನು, ಉಡುಗೊರೆ, ಕೂಡಿ ಉಣ್ಣುವ ಏರ್ಪಾಡು, ಇವೆಲ್ಲವೂ ನೆಂಟಸ್ತಿಕೆ ಉಳಿಸುವ ದುಡಿಮೆ. ಅದನ್ನು ಮಾಡುವವರು ಹೆಚ್ಚಾಗಿ ಹೆಂಗಸರು. ಮಾಡದೆ ಬಿಟ್ಟಾಗಲಷ್ಟೇ ಅದು ಇತರರ ಕಣ್ಣಿಗೆ ಬೀಳುತ್ತದೆ. ಗಂಡನ ಕಡೆಯವರಿಗೆ ಹೋಗುವ ಕಾರ್ಡೂ ಹೆಂಡತಿಯ ಕೈಬರಹದಲ್ಲೇ ಹೋಗುತ್ತದೆ.

ಕನ್ನಡದ ಮನೆಗಳಿಗೆ ಇದು ಹೊಸದೇನಲ್ಲ. ಎಂಬತ್ತು, ತೊಂಬತ್ತರ ದಶಕದಲ್ಲಿ ಹೊಸ ವರ್ಷಕ್ಕೆ ‘ಗ್ರೀಟಿಂಗ್ಸ್’ ಕಳಿಸುವ ಹುಚ್ಚು ಇಲ್ಲೂ ಇತ್ತು. ಡ್ರಾಯಿಂಗ್ ಶೀಟು ಮಡಚಿ, ಬೆಂಡೆಕಾಯಿ ಕೊಯ್ದು ಹೂವಿನ ಅಚ್ಚು ಒತ್ತಿ, ಎಲೆಯ ಸುತ್ತ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಣ್ಣ ಚಿಮುಕಿಸಿದ ಕೈಗಳೇ ಈಗ ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವನ್ನು ನೂರು ಜನಕ್ಕೆ ದಾಟಿಸುತ್ತವೆ. ಸಂಕ್ರಾಂತಿಯಲ್ಲಿ ಕೊಬ್ಬರಿ, ಬೆಲ್ಲವನ್ನು ಸಣ್ಣಗೆ ಹೆಚ್ಚಿ, ಸಕ್ಕರೆ ಅಚ್ಚು ಎರೆದು, ಎಳ್ಳು ಬೀರಲು ಯಾರ್ಯಾರ ಮನೆಗೆ ಹೋಗಬೇಕೆಂದು ನೆನಪಿಟ್ಟುಕೊಳ್ಳುವುದು ಇಂದಿಗೂ ಹೆಂಗಸರ ಕೆಲಸ. ಗಾಂಧಿಬಜಾರಿನಲ್ಲಿ ಸಿದ್ಧ ಎಳ್ಳು-ಬೆಲ್ಲದ ಪೊಟ್ಟಣ ಕೊಳ್ಳುವವರನ್ನು ಸೋಮಾರಿಗಳೆಂದು ಜರಿಯುವವರು, ಹೆಚ್ಚುವ ಮಣೆಯ ಮುಂದೆ ತಾವೆಷ್ಟು ಹೊತ್ತು ಕೂತಿದ್ದರೆಂದು ಹೇಳಲಿ.

ಜಪಾನಿನಲ್ಲಿ ಈಗ ಜನ ಲೆಕ್ಕ ಮುಗಿಸುತ್ತಿದ್ದಾರೆ. 2004ರ ಹೊಸ ವರ್ಷಕ್ಕೆ ಸುಮಾರು 445 ಕೋಟಿ ನೆಂಗಾಜೊ ಅಚ್ಚಾಗಿದ್ದವು. 2025ಕ್ಕೆ ಮೊದಲ ಕಂತಿನಲ್ಲಿ ಅಚ್ಚಾದದ್ದು 107 ಕೋಟಿ. 2024ರ ಅಕ್ಟೋಬರಿನಲ್ಲಿ ಪತ್ರದ ದರ 63 ಯೆನ್‌ನಿಂದ 85ಕ್ಕೆ ಏರಿದ್ದು ಬಿಡುವವರಿಗೆ ಒಳ್ಳೆಯ ನೆಪವಾಯಿತು. ‘ಮುಂದಿನ ವರ್ಷದಿಂದ ಪತ್ರ ಕಳಿಸುವುದಿಲ್ಲ, ಬೇಸರ ಬೇಡ’ ಎಂದು ವಿನಯದಿಂದ ತಿಳಿಸುವ ಕೊನೆಯ ಪತ್ರ ಬರೆಯುವುದೇ ಒಂದು ರೂಢಿಯಾಗಿದೆ.

ಹಾಗೆಂದು ಕೈಗೆಲಸವನ್ನೇ ಕೈಬಿಡುವುದು ದುಡುಕು. ಯೂನಿಸೆಫ್‌ನ ಮೊದಲ ಶುಭಾಶಯ ಪತ್ರಕ್ಕೆ ಚಿತ್ರ ಕೊಟ್ಟವಳು ಜೆಕೊಸ್ಲೊವಾಕಿಯಾದ ಏಳು ವರ್ಷದ ಯಿಟ್ಕಾ ಸಾಮ್ಕೊವಾ. ಎರಡನೇ ಮಹಾಯುದ್ಧದ ನಂತರ ಸಿಕ್ಕ ನೆರವಿಗೆ ಕೃತಜ್ಞತೆಯಾಗಿ, ಕಾಗದ ಸಿಗದ ಕಾರಣ ಗಾಜಿನ ತುಂಡಿನ ಮೇಲೆ ಬರೆದ ಚಿತ್ರ ಅದು. ಆಕೆಯ ಮುಂದೆ ನೂರು ಹೆಸರಿನ ಪಟ್ಟಿ ಇರಲಿಲ್ಲ.

ಆದ್ದರಿಂದ ಕತ್ತರಿ ಮೊದಲು ಪಟ್ಟಿಗೆ ಬೀಳಲಿ. ಮನೆಮಂದಿ ಕೂತು ಹೆಸರುಗಳನ್ನು ಹಂಚಿಕೊಳ್ಳಲಿ. ಅವರವರ ಕಡೆಯವರಿಗೆ ಅವರವರೇ ಕಾರ್ಡು ಮಾಡಲಿ. ಆಗ ಎಷ್ಟು ಹೆಸರು ತಾವಾಗಿಯೇ ಬಿಟ್ಟುಹೋಗುತ್ತವೆ ನೋಡಬಹುದು. ಇನ್ನು ಗಡುವಿನ ಭಯ. ಸಂಪ್ರದಾಯದ ಪ್ರಕಾರ ಕ್ರಿಸ್‌ಮಸ್ ಹನ್ನೆರಡು ದಿನದ ಹಬ್ಬ, ಜನವರಿ ಮೊದಲ ವಾರದವರೆಗೂ ಅವಕಾಶವಿದೆ. ನೆಂಗಾಜೊ ತಪ್ಪಿಸಿಕೊಂಡವರಿಗೆಂದು ಜಪಾನೀಯರು ‘ಕಾಂಚೂ ಮಿಮಾಯ್’ ಎಂಬ ಚಳಿಗಾಲದ ಯೋಗಕ್ಷೇಮದ ಪತ್ರವನ್ನೇ ಇಟ್ಟುಕೊಂಡಿದ್ದಾರೆ. ಜನವರಿ 7 ಕಳೆದ ಮೇಲೆ ಫೆಬ್ರವರಿ ಮೊದಲ ವಾರದವರೆಗೆ ಅದನ್ನು ಕಳಿಸಬಹುದು.